ಇಪ್ಪತ್ತೊಂದು ತೊಟ್ಟಿಲು

ಓದು ಬಾರದವರಿಗೂ ಒಂದೇ ನೋಟಕ್ಕೆ ತಿಳಿಯುವಂಥ ಚಾರ್ಟು ಬರೆದೇ ತೀರುತ್ತೇನೆಂದು ಹೆಲ್ತ್ ಇನ್‌ಸ್ಪೆಕ್ಟರ್ ಪಂಚಾಕ್ಷರಪ್ಪ ಪಣ ತೊಟ್ಟರು. ೧೯೫೮ರ ಬೇಸಿಗೆ. ಹರಿಹರದಲ್ಲಿ ಸಿಡುಬು ಎದ್ದು ವಾರವಾಗಿತ್ತು. ದಾವಣಗೆರೆಗೆ ಬರುವುದು ಇಂದೋ ನಾಳೆಯೋ. ಊರಂಚಿನ ನಿಟ್ಟುವಳ್ಳಿಯಲ್ಲಿ ಪಂಚಾಕ್ಷರಪ್ಪನವರ ಮನೆಯ ಜಗುಲಿಯ ಮೇಲೆಯೇ ಲಸಿಕೆ ಹಾಕುವುದೆಂದು ಗೊತ್ತಾಗಿತ್ತು. ಆ ದಿನ ಹನ್ನೊಂದಕ್ಕೆ ದೊಡ್ಡ ಡಾಕ್ಟರು ಜೀಪಿನಲ್ಲಿ ಬರುವವರಿದ್ದರು.

ಹಿಂದಿನ ಸಲ ಸಿಡುಬು ಬಂದ ಮಕ್ಕಳಲ್ಲಿ ಲಸಿಕೆ ಹಾಕಿಸಿಕೊಳ್ಳದವರು ಇಪ್ಪತ್ತು, ಹಾಕಿಸಿಕೊಂಡವನು ಒಬ್ಬ. ಪಂಚಾಕ್ಷರಪ್ಪ ಎರಡು ದಿನ ಊಟ ನಿದ್ದೆ ಬಿಟ್ಟು, ಹೆಂಡತಿ ಕಸ್ತೂರಮ್ಮನವರ ಸೀರೆಪೆಟ್ಟಿಗೆಯ ಮೇಲೆಲ್ಲ ಬಣ್ಣ ಚೆಲ್ಲಿ, ಇಪ್ಪತ್ತಕ್ಕೆ ಬಾಗಿಲೆತ್ತರದ ಹುಡುಗನನ್ನೂ ಒಂದಕ್ಕೆ ಗೇಣುದ್ದದ ಹುಡುಗನನ್ನೂ ಬರೆದರು. ಗೇಣುದ್ದದವನ ತೋಳಿಗೆ ಲಸಿಕೆಯ ಗುರುತು ಬೇರೆ! ಅವನೊಬ್ಬ ಯಾಕೆ ಅಷ್ಟು ಚಿಕ್ಕವನು ಎಂದು ಆಕೆ ಕೇಳಿದ್ದಕ್ಕೆ, ಇದು ಸಂಖ್ಯಾಶಾಸ್ತ್ರ, ಒಲೆಯ ಮುಂದೆ ತಿಳಿಯುವಂಥದ್ದಲ್ಲ ಎಂದು ಬಾಯಿ ಮುಚ್ಚಿಸಿದರು.

ಬೆಳಿಗ್ಗೆ ಚಾರ್ಟು ಗೋಡೆಗೇರಿತು. ಕೂಸುಗಳನ್ನು ಎತ್ತಿಕೊಂಡು ಬಂದ ಹೆಂಗಸರು ನೋಡಿದರು, ಗುಸುಗುಸು ಮಾತಾಡಿದರು, ಒಬ್ಬೊಬ್ಬರಾಗಿ ಜಾರಿದರು. ಹತ್ತೂವರೆಗೆ ಜಗುಲಿ ಖಾಲಿ. ಪಂಚಾಕ್ಷರಪ್ಪನವರ ಅಂಗಿ ಬೆವರಿಗೆ ಬೆನ್ನಿಗಂಟಿತು. ಕಟ್ಟಕಡೆಗೆ ಹೊರಟಿದ್ದ ಭೀಮವ್ವನನ್ನು ತಡೆದು ಕಾರಣ ಕೇಳಿದರು.

"ಚುಚ್ಚಿಸ್ಕೊಂಡ ಹುಡುಗ ಗೇಣುದ್ದಕ್ಕೇ ನಿಂತಾನಲ್ರಿ, ನೀವೇ ಬರದೀರಿ. ನನ್ನ ಮಗ ಬೆಳೀಬೇಕು. ನಮಗೆ ಬ್ಯಾಡ."

ಇನ್‌ಸ್ಪೆಕ್ಟರು ಗೋಡೆಯತ್ತ ತಿರುಗಿ ತಮ್ಮ ಚಾರ್ಟನ್ನು ನೋಡಿದರು. ಹರಿಹರದ ಬಸ್ಸು ದಿನಕ್ಕೆ ಹತ್ತು ಸಲ ಬರುತ್ತದೆ. ಈ ಮಗುವಿಗೆ ಸಿಡುಬು ತಗುಲಿದರೆ ಅದು ತನ್ನ ಕುಂಚದ ಕೆಲಸ! 

ಅಷ್ಟರಲ್ಲಿ ಕಸ್ತೂರಮ್ಮ ಹೊರಬಂದು ಅಂಗಳಕ್ಕೆ ನೀರು ಚಿಮುಕಿಸಿ, ರಂಗೋಲಿ ಬಟ್ಟಲನ್ನು ಗಂಡನ ಕೈಗಿಟ್ಟು ಕೂತರು. ಒಂದೊಂದು ತೊಟ್ಟಿಲೆಂದರೆ ಹಿಂದಿನ ಸಲ ಸಿಡುಬು ಬಂದ ಒಂದೊಂದು ಕೂಸು ಎಂದು ಹೇಳುತ್ತಲೇ ಎಳೆದರು. ಎಲ್ಲವೂ ಒಂದೇ ಅಳತೆ. ಚುಚ್ಚಿಸಿಕೊಳ್ಳದವರ ತೊಟ್ಟಿಲು ಈ ಕಡೆ, ಚುಚ್ಚಿಸಿಕೊಂಡವನದು ಆ ಕಡೆ. ಭೀಮವ್ವ ಬೆರಳು ಮಾಡಿ ಎಣಿಸಿದಳು. ಇಪ್ಪತ್ತಕ್ಕೆ ಬರುವಷ್ಟರಲ್ಲಿ ದನಿ ಇಳಿದಿತ್ತು. ಆ ಕಡೆಯ ಒಂಟಿ ತೊಟ್ಟಿಲನ್ನು ನೋಡಿದವಳೇ ಮಗನ ತೋಳನ್ನು ಮುಂದೆ ಹಿಡಿದಳು. ಓಣಿಗೆ ಸುದ್ದಿ ಹರಡಿತು.

ಜೀಪು ಬಂದಾಗ ಸಾಲು ಬೀದಿ ಮುಟ್ಟಿತ್ತು. ದೊಡ್ಡ ಡಾಕ್ಟರು ಅಂಗಳವನ್ನು ನೋಡಿ ನಿಂತರು. ಇಂಥದ್ದು ಆನೆಕೊಂಡದಲ್ಲೂ ಹರಿಹರದಲ್ಲೂ ಆಗಬೇಕು, ಬರೆದವರು ಯಾರು ಎಂದರು. ಪಂಚಾಕ್ಷರಪ್ಪ ಹೆಂಡತಿಯತ್ತ ಕೈ ತೋರಿಸಿದರು. ನಾಳೆಯಿಂದ ಊರೂರಿಗೆ ಬರಲಾದೀತೇ ಎಂದು ಡಾಕ್ಟರು ಆಕೆಯನ್ನೇ ಕೇಳಿದರು.

ಕಸ್ತೂರಮ್ಮ ಕೈಯ ಪುಡಿ ಕೊಡವಿಕೊಂಡರು.

"ಬರ್ತೀನ್ರಿ. ಇವ್ರನ್ನೂ ಕರ್ಕೊಂಡು ಬರ್ಲೇನ್ರಿ? ಬಟ್ಟಲು ಹಿಡಿಯಾಕೆ ಒಬ್ರು ಬೇಕಲ್ಲ."