ಬಾಗಿಲಿಗೆ ಅಡ್ಡ ನಿಂತ ಸಿಪಾಯಿ

ಬೀಗ ರಿಪೇರಿಯವನ ರಜಾದಿನವನ್ನು ಹಾಳು ಮಾಡಿದ್ದು ಒಬ್ಬ ಸಿಪಾಯಿ. ನಿಜವಾದ ಸಿಪಾಯಿಯಲ್ಲ, ತಂಗಿ ಮನೆ ಬದಲಿಸುವಾಗ ಹೊರಲಾರದೆ ಇವನಿಗೆ ಬಿಟ್ಟುಹೋದ ವಿಡಿಯೊ ಗೇಮಿನೊಳಗಿನವನು.

ಆ ಗೇಮಿನಲ್ಲಿ ಆಡುವವನ ಮುಖ ಕಾಣುವುದಿಲ್ಲ. ಬಂದೂಕು ಹಿಡಿದ ಎರಡು ಕೈ ಮಾತ್ರ ಕಾಣುತ್ತವೆ. ಬೀಗದವನಿಗೆ ಅದೇನೂ ಹೊಸದೆನಿಸಲಿಲ್ಲ. ಗಿರಾಕಿಗಳೂ ಅವನ ಕೈಗಳನ್ನಷ್ಟೇ ನೋಡಿಕೊಂಡು ಬಂದಿದ್ದರು.

ಅವನ ಹೊಟ್ಟೆ ಉರಿಸಿದ್ದು ಕೋಟೆಯ ಬಾಗಿಲುಗಳು. ನಲವತ್ತು ಬಾಗಿಲಿದ್ದರೆ ಮೂವತ್ತೊಂಬತ್ತು ಬರೀ ಬಣ್ಣ. ಹಿಡಿಕೆ ಇದೆ, ಬೀಗದ ತೂತೂ ಇದೆ, ತೆರೆಯುವುದಿಲ್ಲ! ಇದು ಅವನ ಕಸುಬಿಗೇ ಮಾಡಿದ ಅವಮಾನ. ತೆರೆಯುವ ಒಂದೇ ಒಂದು ಬಾಗಿಲಿಗೆ ಜೊತೆಗಾರ ಸಿಪಾಯಿ ಗೂಟ ಹೊಡೆದಂತೆ ಅಡ್ಡ ನಿಂತು, "ನಿಮ್ಮ ಹಿಂದೇನೇ ಇದೀನಿ" ಅನ್ನುತ್ತಿದ್ದ. ತಳ್ಳಿದರೆ ಜರುಗುವುದಿಲ್ಲ, ಸುಟ್ಟರೆ ಸಾಯುವುದಿಲ್ಲ. ನಡುವೆ ನಿಲ್ಲಿಸಿ ನೀರು ಕುಡಿಯೋಣವೆಂದರೆ ಅದಕ್ಕೂ ದಾರಿಯಿಲ್ಲ. ಸತ್ತರೆ ಮತ್ತೆ ಕೋಟೆಯ ಮುಂದಿನ ಹೊಳೆ ದಾಟುವುದರಿಂದ ಶುರು. ಬೆಳಗಿನಿಂದ ಅವನು ನಾಲ್ಕು ಸಲ ಹೊಳೆ ದಾಟಿದ್ದ. ಆದರೂ ಬಿಡಲು ಮನಸ್ಸಿಲ್ಲ. ಈ ವಾರವೆಲ್ಲ ಅವನನ್ನು "ನೀವು" ಎಂದು ಮಾತಾಡಿಸಿದ್ದು ಆ ಸಿಪಾಯಿ ಒಬ್ಬನೇ.

ಐದನೇ ಸಲ ಅವನ ತಾಳ್ಮೆ ಕೆಟ್ಟಿತು. ಕಿವಿಗೆ ಹೆಡ್‌ಫೋನ್ ಬೇರೆ. ತನ್ನ ದನಿ ಎಷ್ಟೆಂದು ತನಗೇ ತಿಳಿಯದು.

"ಸರಿಯೋ ಬಾಗಿಲಿಂದ! ಸರೀತೀಯೋ, ಸುಟ್ಟುಹಾಕ್ಲೋ?"

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಓದುತ್ತಿದ್ದ ಪೇಪರ್ ಬಿಟ್ಟು ಎದ್ದರು. ಕೆಳಗಿನ ಮನೆಯ ನರ್ಸಮ್ಮ ಅತ್ತೆಯ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು.

"ಒಳಗೆ ಯಾರನ್ನೋ ಕೂಡಿಹಾಕಿದಾನೆ," ಮೇಷ್ಟ್ರು ಪಿಸುಗುಟ್ಟಿದರು.

"ಬಾಗಿಲು ಬಡೀರಿ," ಎಂದಳು ನರ್ಸಮ್ಮ.

"ಕೈಲಿ ಬಂದೂಕಿದೆಯಂತಲ್ಲಮ್ಮ! ನೀನೇ ಬಡಿ."

"ಯಾರು ಇವನು? ಏನು ಕೆಲಸ?" ಎಂದಳು ಅತ್ತೆ.

ಹನ್ನೊಂದು ವರ್ಷದಿಂದ ಇದೇ ಮನೆಯಲ್ಲಿದ್ದವನ ವಿಷಯ ಒಬ್ಬರಿಗೂ ಗೊತ್ತಿರಲಿಲ್ಲ. ಕೊನೆಗೆ ನರ್ಸಮ್ಮ ಗೇಟಿಗೆ ಯಾರೋ ಅಂಟಿಸಿದ್ದ 'ಬೀಗ ರಿಪೇರಿ' ಚೀಟಿಯ ನಂಬರಿಗೆ ಫೋನ್ ಮಾಡಿದಳು.

ಬೀಗದವನ ಜೇಬು ಗುರ್ರೆಂದಿತು. ಒಂದು ಕಿವಿಯ ಹೆಡ್‌ಫೋನ್ ಸರಿಸಿ, ಫೋನನ್ನು ಭುಜಕ್ಕೆ ಒತ್ತಿಕೊಂಡ.

"ಬೇಗ ಬನ್ನಿ, ಬಾಗಿಲು ತೆಗೀಬೇಕು. ಒಳಗೊಬ್ಬ ಹುಚ್ಚ ಇದಾನೆ!"

"ಎಲ್ಲಮ್ಮ?"

"ಕೆರೆ ಬೀದಿ, ಹಳದಿ ಬಿಲ್ಡಿಂಗು, ಮೂರನೇ ಮಹಡಿ."

"ಅಯ್ಯೋ, ಅದು ನಮ್ಮದೇ ಬಿಲ್ಡಿಂಗು! ಇದೋ ಬಂದೆ!"

ಪರದೆಯ ಮೇಲೆ ಅವನು ಸತ್ತುಬಿದ್ದ. ಬಿದ್ದರೆ ಬೀಳಲಿ ಎಂದು ಚೀಲ ಎತ್ತಿಕೊಂಡು ಬಾಗಿಲು ತೆರೆದ. ಎದುರಿಗೆ ಮೂವರು.

"ಯಾವ ಮನೆ?" ಎಂದ, ಉತ್ಸಾಹದಿಂದ.

ನರ್ಸಮ್ಮ ಅವನ ಹಿಂದಿನ ಬಾಗಿಲಿನತ್ತ ಬೆರಳು ತೋರಿಸಿದಳು.

ವಿಷಯ ತಿಳಿದ ಮೇಲೆ ನಕ್ಕಿದ್ದೇ ನಕ್ಕಿದ್ದು. ಮೂವರೂ ಒಳಗೆ ಬಂದರು. ಕೂರಲು ಒಂದೇ ಕುರ್ಚಿಯಿತ್ತು; ಅವನು ಮಂಚದ ಮೇಲಿನ ಬಟ್ಟೆ ಸರಿಸಿ ಜಾಗ ಮಾಡಿದ. ನಾಲ್ಕು ಲೋಟ ಹುಡುಕುವಷ್ಟರಲ್ಲಿ ಅವನಿಗೆ ಬೆವರು ಬಂತು. ಚಹಾ ತರುವ ವೇಳೆಗೆ ಅತ್ತೆ ಹೊಳೆ ದಾಟಿಯಾಗಿತ್ತು, ಮೇಷ್ಟ್ರು "ಎಡಕ್ಕೆ, ಎಡಕ್ಕೆ!" ಎಂದು ಕುಣಿಯುತ್ತಿದ್ದರು. ತನ್ನ ಮನೆಯಲ್ಲಿ ಇಷ್ಟು ಸದ್ದು!

ನರ್ಸಮ್ಮ ಅವನ ಕೆಂಪು ಮುಖ ನೋಡಿ, ಕೆಳಗೆ ಓಡಿಹೋಗಿ ಬಿಪಿ ಯಂತ್ರ ತಂದು, ತೋಳಿಗೆ ಸುತ್ತಿದಳು.

"ನೂರ ಎಪ್ಪತ್ತು! ಸಾಯಬೇಕು ಅಂತಿದೀರಾ? ಇನ್ಮೇಲೆ ಈ ಆಟ ಮುಟ್ಟಕೂಡದು. ನೋಡಲೂ ಕೂಡದು. ಮಲ್ಕೊಳ್ಳಿ."

"ಅಲ್ಲಮ್ಮ, ನೀವೆಲ್ಲ ಇದ್ದರೆ ನಾನು ಸುಮ್ಮನೆ..."

"ಇದು ಇಲ್ಲಿದ್ದರೆ ತಾನೇ ಚಪಲ? ನಾನು ಇಟ್ಟುಕೊಂಡಿರ್ತೀನಿ," ಎಂದು ಮೇಷ್ಟ್ರು ತ್ಯಾಗಮೂರ್ತಿಯಂತೆ ವೈರು ಕಿತ್ತರು. ಮೂವರೂ ಗೇಮಿನ ಯಂತ್ರವನ್ನು ಮಗುವಿನಂತೆ ಎತ್ತಿಕೊಂಡು ಹೋದರು.

ಅವನು ಮಲಗಿದ. ಗೋಡೆಯಾಚೆ ಗುಂಡಿನ ಸದ್ದು, ಅತ್ತೆಯ ಬೈಗುಳ, ಮೂವರ ನಗು.

ಸಂಜೆ ಬಾಗಿಲು ಬಡಿದ ಸದ್ದಾಯಿತು. ಕರೆಯಲು ಬಂದಿರಬೇಕೆಂದು ತಲೆ ಬಾಚಿಕೊಂಡು ಓಡಿದ. ಮೇಷ್ಟ್ರು ಹೊರಗೇ ನಿಂತಿದ್ದರು.

"ಸದ್ದು ಜಾಸ್ತಿ ಆಯ್ತೇನ್ರೀ? ನಿಮಗೆ ತೊಂದರೆ ಆಗ್ತಿದ್ದರೆ ಕಮ್ಮಿ ಮಾಡ್ತೀವಿ."

"ಛೆ ಛೆ, ಇಲ್ಲ ಮೇಷ್ಟ್ರೇ," ಎಂದ ಬೀಗದವನು. "ಅಷ್ಟೇನೂ ಕೇಳಿಸ್ತಿಲ್ಲ. ಇನ್ನೂ ಒಂಚೂರು ಜೋರಾಗೇ ಇಟ್ಟುಕೊಳ್ಳಿ."