ಹಸಿರು ಇಂಕಿನ ಅಡುಗೆ

ರುಚಿಯಕ್ಕ: ನನ್ನ ಕಾಳಿಗೆ ಒಂದು ಮಾತು ಅನ್ನಬೇಡಿ! ಬೇಕಾದ್ರೆ ಅವರ ಹಲ್ಲಿಗೆ ಅನ್ನಿ!

ಹೀಗೆಂದು ಅವಳು ಸೌಟು ಹಿಡಿದೇ ಗಂಡನ ಹಲ್ಲಿನ ಆಸ್ಪತ್ರೆಗೆ ನುಗ್ಗಿದಳು. ದೂರವೇನೂ ಇರಲಿಲ್ಲ. ಮನೆಯ ಮುಂದಿನ ಕೋಣೆಯೇ ಆಸ್ಪತ್ರೆ, ಅಡುಗೆಮನೆಗೂ ಅದಕ್ಕೂ ನಡುವೆ ಇದ್ದದ್ದು ಒಂದು ಪರದೆ. ಹನ್ನೊಂದು ವರ್ಷದಿಂದ ವಾರಪತ್ರಿಕೆಗೆ ‘ರುಚಿಯಕ್ಕನ ಒಲೆ’ ಅಂಕಣ ಬರೆಯುತ್ತಿದ್ದವಳಿಗೆ ಅಂದು ಬೆಳಿಗ್ಗೆ ಸಂಪಾದಕರ ಫೋನು ಬಂದಿತ್ತು. ಈ ವಾರದ ಅಜುಕಿ ಎಂಬ ಜಪಾನಿನ ಕಾಳಿನ ಅಡುಗೆ ಮಾಡಿದ ಓದುಗರು ಹಲ್ಲು ಮುರಿದುಕೊಂಡಿದ್ದಾರಂತೆ. ಸಂಜೆಯೊಳಗೆ ಸಮಜಾಯಿಷಿ ಬರದಿದ್ದರೆ ಅಂಕಣ ಬಂದ್. ಅಂಥ ಓದುಗರೊಬ್ಬರು ಈಗ ಕುರ್ಚಿಯಲ್ಲಿ ದಪ್ಪ ಕನ್ನಡಕ ಹಾಕಿಕೊಂಡು, ಬಾಯಿ ತೆರೆದು ಮಲಗಿದ್ದರು.

ಡಾಕ್ಟರು: ಹಲ್ಲಿಗೆ ಏನಂತ ಅನ್ನಲಿ? ದವಡೆ ಹಲ್ಲು ಸೀಳೇ ಹೋಗಿದೆ. ಇಷ್ಟೇ ಇಷ್ಟು ಕೆಂಪು ಕಾಳು, ನೋಡೋಕೆ ಎಷ್ಟು ಸಾಧು! ನಿನ್ನ ಅಂಕಣಕ್ಕೆ ಬಂದ ಮೇಲೆ ಕಬ್ಬಿಣದ ಕಡಲೆ.

ರುಚಿಯಕ್ಕ: ಇವರು ನೆನೆ ಹಾಕಿರಲ್ಲ, ಅದಕ್ಕೇ ಹೀಗಾಗಿದೆ. ಏನ್ ಸಾರ್, ರಾತ್ರಿಯೆಲ್ಲಾ ನೆನೆಸಿದ್ರಾ?

ಕನ್ನಡಕದವರು: ಆಂ... ಆಂ...

ರುಚಿಯಕ್ಕ: ನೋಡಿ, ಇಲ್ಲ ಅಂತಿದಾರೆ.

ಡಾಕ್ಟರು: ಹೌದು ಅಂತಿದಾರೆ ಕಣೇ. ಬಾಯಿ ತೆರೆದಿರೋರ ಮಾತು ಇಪ್ಪತ್ತು ವರ್ಷದಿಂದ ಕೇಳ್ತಿದೀನಿ, ನಂಗೆ ಅರ್ಥವಾಗಲ್ವಾ?

ರುಚಿಯಕ್ಕ: ನಾನೂ ಇಪ್ಪತ್ತು ವರ್ಷದಿಂದ ಬಾಯಿ ತೆರೀತಾನೇ ಇದೀನಿ. ನಂದು ಯಾವತ್ತು ಅರ್ಥವಾಗಿದೆ?

ಕನ್ನಡಕದವರ ಕೈ ಮೆಲ್ಲಗೆ ಅಂಗಿ ಜೇಬಿನತ್ತ ಹೊರಟಿತು. ಡಾಕ್ಟರು ಗಾಬರಿಯಾಗಿ ಇನ್ನೊಂದು ಉಂಡೆ ಹತ್ತಿಯನ್ನು ಅವರ ಬಾಯಿಗೆ ತುರುಕಿದರು.

ಡಾಕ್ಟರು: ಅಲ್ಲಾಡಬಾರದು ಸಾರ್! ಕೈ ಕೆಳಗೆ!

ರುಚಿಯಕ್ಕ: ಇಲ್ಲಿ ನೋಡಿ, ನಾನು ಬರೆದ ಹಾಗೇ ಈಗ ಬೇಯಿಸಿದೀನಿ.

ಅವಳು ಸೌಟಿನಿಂದ ಒಂದು ಕಾಳು ತೆಗೆದು ಹಿಸುಕಿದಳು. ಬೆರಳ ನಡುವೆ ಅದು ನುಣ್ಣಗೆ ಹಿಟ್ಟಾಯಿತು.

ರುಚಿಯಕ್ಕ: ಬೆಣ್ಣೆ ಇದು, ಬೆಣ್ಣೆ! ಹಲ್ಲಿಲ್ಲದ ಮಗುನೂ ತಿನ್ನಬಹುದು. ಪತ್ರಿಕೆ ಕೊಡಿ, ಅಕ್ಷರಾಕ್ಷರ ಓದಿ ತೋರಿಸ್ತೀನಿ.

ಡಾಕ್ಟರು: ಪತ್ರಿಕೆನಾ? ಯಾರೋ ರೋಗಿ ತಗೊಂಡು ಹೋದ್ರು.

ರುಚಿಯಕ್ಕ: ಬೆಳಿಗ್ಗೆ ಇನ್ನೂ ಬಂದಿಲ್ಲ ಅಂದ್ರಿ?

ಡಾಕ್ಟರು: ಬಂತು. ಬಂದ ತಕ್ಷಣ ಹೋಯ್ತು.

ಕನ್ನಡಕದವರು ಕುರ್ಚಿಯ ಕೈಯನ್ನು ದಬದಬ ಬಡಿದರು.

ರುಚಿಯಕ್ಕ: ಪಾಪ, ಹಸಿದಿದಾರೆ. ಕಾಳು ಕೇಳ್ತಿದಾರೆ.

ಡಾಕ್ಟರು: ಉಗುಳಬೇಕಂತೆ. ನೀನು ಒಳಗೆ ಹೋಗು.

ಅವಳು ಹೋಗಲಿಲ್ಲ. ಕನ್ನಡಕದವರು ಡಾಕ್ಟರ ಮೊಣಕೈ ತಪ್ಪಿಸಿ, ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ಎಳೆದು ಅವಳ ಕೈಗೆ ತುರುಕಿದರು. ಬಿಡಿಸಿದರೆ ಅವಳದೇ ಹಸ್ತಾಕ್ಷರ, ನೀಲಿ ಇಂಕು. ಹೋದ ವಾರ ಪತ್ರಿಕೆಗೆ ಕಳಿಸಿದ ಹಾಳೆ ಅದು.

ರುಚಿಯಕ್ಕ (ಓದುತ್ತಾ): ‘ಕಾಳು ಮೆತ್ತಗಾಗುವ ತನಕ ಬರೀ ನೀರಿನಲ್ಲಿ ಬೇಯಿಸಿ. ಆಮೇಲೆ ಎರಡು ಪಾಲು ಮಾಡಿ, ಸಿಹಿ ಉಂಡೆಗೆ ಸಕ್ಕರೆ, ಖಾರದ ಸೂಪಿಗೆ ಉಪ್ಪು, ಮೆಣಸು, ನಿಂಬೆರಸ ಹಾಕಿ.’ ಸರಿಯಾಗೇ ಇದೆಯಲ್ಲ! ಅಯ್ಯೋ, ಇದನ್ನ ಯಾರು ಹೊಡೆದುಹಾಕಿದ್ದು? ಮೇಲೆ ಹಸಿರು ಇಂಕಲ್ಲಿ... ‘ಎಲ್ಲವನ್ನೂ ಮೊದಲೇ ಹಾಕಿ ಬೇಯಿಸಿ. ಸಮಯ ಉಳಿತಾಯ.’

ಡಾಕ್ಟರು ಕೋಟಿನ ಜೇಬಿನಲ್ಲಿದ್ದ ಪೆನ್ನನ್ನು ಇನ್ನಷ್ಟು ಆಳಕ್ಕೆ ಒತ್ತಿದರು.

ರುಚಿಯಕ್ಕ: ರೀ, ಲಕೋಟೆ ಅಂಟಿಸಿ ಅಂಚೆಗೆ ಹಾಕಿದ್ದು ಯಾರು?

ಡಾಕ್ಟರು: ನಾನೇ. ಹಾಗೇ ಸ್ವಲ್ಪ... ಸುಧಾರಿಸಿದೆ. ಆಮೇಲೆ ಹಾಕಿದ್ರೂ ಅದೇ ಸಕ್ಕರೆ, ಮೊದಲು ಹಾಕಿದ್ರೂ ಅದೇ ಸಕ್ಕರೆ. ಹೊಟ್ಟೇಲಿ ಎಲ್ಲಾ ಸೇರೋದೇ ತಾನೆ?

ರುಚಿಯಕ್ಕ: ಮದುವೆಯಾದಾಗಿಂದ ಒಂದು ಲೋಟ ನೀರು ಕಾಯಿಸಿದೋರಲ್ಲ, ನನ್ನ ಅಡುಗೆ ಸುಧಾರಿಸಿದ್ರಾ! ಬೇಯೋಕೆ ಮೊದಲೇ ಸಕ್ಕರೆ ಬಿದ್ರೆ ಕಾಳು ಗಟ್ಟಿಯಾಗುತ್ತೆ. ಹುಳಿ ಬಿದ್ರೂ ಅಷ್ಟೆ. ಆಮೇಲೆ ಮೂರು ದಿನ ಬೇಯಿಸಿದ್ರೂ ಜಗ್ಗಲ್ಲ.

ಡಾಕ್ಟರು: ನಂಗೇನು ಕನಸು ಬಿದ್ದಿತ್ತಾ?

ರುಚಿಯಕ್ಕ: ಗೊತ್ತಿಲ್ಲದೆ ತಿದ್ದಿದ್ರಿ. ಗೊತ್ತಾದ ಮೇಲೆ ಪತ್ರಿಕೆ ಬಚ್ಚಿಟ್ರಿ. ಇಷ್ಟು ದೊಡ್ಡ ಮನೇಲಿ ನಂದು ಅಂತ ಇದ್ದಿದ್ದು ಪತ್ರಿಕೇಲಿ ಅರ್ಧ ಪುಟ. ಅದಕ್ಕೂ ಕೈ ಹಾಕಿದ್ರಲ್ಲ.

ಈ ಮಾತು ಹೇಳುವಾಗ ಅವಳಿಗೆ ಸಿಟ್ಟಿಗಿಂತ ದುಃಖವೇ ಹೆಚ್ಚಾಗಿತ್ತು. ಆದರೂ ಗಂಡನ ಇಕ್ಕಳ ಕಿತ್ತುಕೊಂಡು ಕನ್ನಡಕದವರ ಬಾಯಿಂದ ಹತ್ತಿ ಎಳೆಯತೊಡಗಿದಳು. ಒಂದು, ಎರಡು, ಮೂರು... ಒಂದು ಪುಟ್ಟ ದಿಂಬಿಗೆ ಸಾಕಾಗುವಷ್ಟು ಬಂತು.

ಕನ್ನಡಕದವರು: ಅಬ್ಬಾ! ಅಮ್ಮಾ, ನಾನು ನಿಮ್ಮ ಪತ್ರಿಕೇಲಿ ಕರಡು ತಿದ್ದೋನು. ಇದನ್ನ ತೋರಿಸೋಣ ಅಂತಾನೇ ಬಂದೆ. ಅಚ್ಚಾದ ಹಾಗೇ ಮಾಡಿ ತಿಂದು ಹಲ್ಲೂ ಮುರಿದಿತ್ತು ಅನ್ನಿ. ಡಾಕ್ಟ್ರು ಕೆಲಸ ಏನು ಅಂದ್ರು, ಹೇಳಿದೆ. ಅಷ್ಟೇ, ಹತ್ತಿ ಬಂತು!

ರುಚಿಯಕ್ಕ: ಅಲ್ಲಾ ಸಾರ್, ಇಂಥ ತಲೆಕೆಟ್ಟ ತಿದ್ದುಪಡಿ ಅಚ್ಚು ಹಾಕೋದಾ?

ಕನ್ನಡಕದವರು: ಹಾಳೆ ಮೇಲೆ ಕೊನೇದಾಗಿ ಏನು ಬರೆದಿರುತ್ತೋ ಅದೇ ಅಚ್ಚು. ನಾವು ಕಾಗುಣಿತ ಬಿಟ್ಟು ಬೇರೇನೂ ಮುಟ್ಟಲ್ಲ. ಅದು ನಮ್ಮ ಕಾರ್ಯಾಲಯದ ನಿಯಮ.

ರುಚಿಯಕ್ಕ ಗಂಡನ ಕೋಟಿನ ಜೇಬಿಗೆ ಕೈ ಹಾಕಿ ಹಸಿರು ಪೆನ್ನು ತೆಗೆದು, ಅದೇ ಹಾಳೆಯ ಹಿಂದೆ ಸಂಪಾದಕರು ಕೇಳಿದ ಸಮಜಾಯಿಷಿಯನ್ನು ಗಟ್ಟಿಯಾಗಿ ಹೇಳುತ್ತಾ ಬರೆದಳು.

ರುಚಿಯಕ್ಕ: ‘ಸಕ್ಕರೆ, ಹುಳಿ ಎರಡೂ ಕಾಳು ಬೆಂದ ಮೇಲೆಯೇ. ಮೊದಲೇ ಹಾಕಿ ಎಂದವರು ನನ್ನ ಪತಿ, ಹಲ್ಲಿನ ವೈದ್ಯರು. ಹಲ್ಲು ಮುರಿದುಕೊಂಡ ಓದುಗರೆಲ್ಲರಿಗೂ ಅವರು ತಮ್ಮ ಆಸ್ಪತ್ರೆಯಲ್ಲಿ ಉಚಿತವಾಗಿ ಚಿಕಿತ್ಸೆ ಕೊಡುತ್ತಾರೆ. ವಿಳಾಸ ಕೆಳಗಿದೆ.’

ಡಾಕ್ಟರು: ಉಚಿತನಾ! ಪತ್ರಿಕೆ ಎಷ್ಟು ಊರಿಗೆ ಹೋಗುತ್ತೆ ಗೊತ್ತೇನೇ? ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ, ಆ ಒಂದು ಪದ ಹೊಡೆದುಹಾಕಿ! ತಿದ್ದೋದೇ ನಿಮ್ಮ ಕೆಲಸ ತಾನೆ?

ಕನ್ನಡಕದವರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, ಮೊದಲಿಂದ ಕೊನೆಯವರೆಗೆ ನಿಧಾನವಾಗಿ ಓದಿದರು.

ಕನ್ನಡಕದವರು: ಕಾಗುಣಿತ ಸರಿಯಾಗಿದೆ ಡಾಕ್ಟ್ರೇ.

ಹಾಳೆಯನ್ನು ಜಾಗ್ರತೆಯಾಗಿ ಮಡಿಸಿ ಜೇಬಿಗಿಟ್ಟು, ಕುರ್ಚಿಗೆ ಹಾಯಾಗಿ ಒರಗಿದರು.

ಕನ್ನಡಕದವರು: ಹಾಗಾದ್ರೆ ನನ್ನಿಂದಲೇ ಶುರು ಮಾಡಿ. ಆ...