ಮಾಪಕ್ಕ ತಂದ ಜಂಪರ್

ತೊಂಬತ್ತರ ದಶಕದಾಗ ನಾ ಸೊಲ್ಲಾಪುರದ ವಿಜಾಪುರ ರಸ್ತೆಯ ಒಂದು ಪ್ಲಾಸ್ಟಿಕ್ ಸರ್ಜರಿ ದವಾಖಾನಿಯೊಳಗ ನರ್ಸ್ ಇದ್ದೆ. ಎದಿ ದೊಡ್ಡದು ಮಾಡೋ ಆಪರೇಶನ್ ಬಗ್ಗೆ ಕೇಳಾಕ ದಿನಾ ಯಾರರ ಬರೋವರೇ. ಮೈ ಯಾರದೋ ಅವರೊಬ್ಬರನ್ನ ಬಿಟ್ಟು ಉಳಿದವರೆಲ್ಲಾ ಬರ್ತಿದ್ರು. ಲಗ್ನ ಗೊತ್ತುಮಾಡಿದ ಗಂಡಿನ ಕಡೆಯ ಒಂದು ಮನಿತನದವರಂತೂ ಮೂರು ಸಲ ಬಂದು ನನ್ನ ತಲಿ ತಿಂದ್ರು.

೧. ಮಾವ ಬಂದ

ಮೊದಲ ಬಂದಾಂವ ವರನ ಸೋದರಮಾವ. ಅಕ್ಕಲಕೋಟ ಕಡೆ ದೊಡ್ಡ ಹೊಲಮನಿಯವರು. ಪಿಶವಿಯೊಳಗಿಂದ ಒಂದು ಹಸರು ಜಂಪರ್, ಸೀರಿ ಮ್ಯಾಲಿನ ಕುಪ್ಪಸ, ತಗದು ಟೇಬಲ್ ಮ್ಯಾಲ ಹಾಸಿದ.

"ಇದೇನ್ರಿ?" ಅಂದೆ.

"ಮಾಪ, ಅಳತಿ. ಹುಡುಗಿ ಜಂಪರ್ ಹೊಲಿಯೋ ಶಿಂಪಿಗ್ಯಾನ ಕಡೆ ಇತ್ತು, ತಂದೆ. ಇದಕ್ಕಿಂತ ಎರಡು ಇಂಚು ಜಾಸ್ತಿ ಬೇಕು."

"ಹುಡುಗಿ ಎಲ್ಲಿ?"

"ಆಕಿ ಯಾಕ ಬರಬೇಕ್ರಿ? ಮಾಪ ತಂದೀನಲ್ಲ!"

ಕೆದಕಿ ಕೇಳಿದ ಮ್ಯಾಲ ತಿಳೀತು. ಲಗ್ನದ ಯಾದಿಯೊಳಗ, ಅಂದ್ರ ಹೆಣ್ಣಿನವರು ಏನೇನು ಕೊಡಬೇಕು ಅಂತ ಬರದ ಕಾಗದದಾಗ, ಕುಕ್ಕರಿನ ಕೆಳಗ ಇದನ್ನೂ ಬರಸ್ಯಾರ. ಆಪರೇಶನ್ ಆಗದಿದ್ರ ಲಗ್ನದ ಸೋಯರಿಕಿ ಮುರೀತು. ಹುಡುಗಿ ಇಪ್ಪತ್ತಾರು ವರ್ಷದಾಕಿ, ಸಾಲಿಯೊಳಗ ಕಲಸೋ ಬಾಯಿ. ಆಕಿಯ ಅಪ್ಪ ಹೋಟಗಿಯೊಳಗ ರೈಲ್ವೆ ಕ್ಲಾರ್ಕ್, ಹೆದರಿ ಸಹಿ ಮಾಡಿ ಕುಂತಾನ.

ಜಂಪರ್ ಮಡಚಿ ಕೈಗೆ ಕೊಟ್ಟೆ. ಆ ಮಹಾರಾಯ ಬಾಗಿಲದಾಗ ನಿಂತು ಕೇಳಿದ, "ಇಟ್ಟು ಹೋದ್ರ ಸಂಜಿ ಐದರ ಎಸ್‌ಟಿ ಬಸ್ಸಿಗೆ ತಯಾರ ಆಗತೈತೇನ್ರಿ?"

೨. ಅತ್ತಿ ಬಂದ್ಲು

ಎಂಟು ದಿನಕ್ಕ ವರನ ತಾಯಿ ಬಂದ್ಲು, ಮಿಕ್ಸರ್ ಖರೀದಿಗೆ ಬಂದಂಗ.

"ಗ್ಯಾರಂಟಿ ಎಷ್ಟು ವರ್ಷ?"

"ಜನ್ಮಪೂರ್ತಿ ಇರ್ತಾವಂತ ಹೇಳಾಕ ಬರಂಗಿಲ್ರಿ. ಮುಂದ ತಗದು ಬ್ಯಾರೆ ಹಾಕೋದು ಬೀಳಬಹುದು."

"ಕೂಸಿಗೆ ಹಾಲು?"

"ಭಾಳ ಮಂದಿಗೆ ಬರತೈತಿ. ಎಲ್ಲಾರಿಗೂ ಅಂತಲ್ಲ."

"ಎಸ್‌ಟಿ ಕುಲಕಾಟಕ್ಕ ಒಡೀತಾವೇನು?"

"ಇಲ್ರಿ. ನೋವಾಗತೈತೇನು ಅಂತ ಕೇಳಲಿಲ್ಲಲ್ರಿ ನೀವು?"

"ಅದನ್ನ ಆಕಿ ಕೇಳತಾಳ ಬಿಡು. ರೊಟ್ಟಿ ಬಡಿಯಾಕ ಯಾವಾಗ ಕುಂದ್ರತಾಳ?"

"ತಿಂಗಳು, ಒಂದೂವರಿ ತಿಂಗಳು ಜೋರಿನ ಕೆಲಸ ಮಾಡಂಗಿಲ್ಲ."

ಆಗ ನೋಡ್ರಿ ಆಕಿ ಕಣ್ಣಾಗ ನೀರು ಬಂತು. "ಅಯ್ಯ ನನ್ನ ದೈವವ! ಅಷ್ಟು ದಿನ ರೊಟ್ಟಿ ನಾ ಬಡೀಬೇಕೇನು?"

೩. ಹುಡುಗಿ ಬಂದ್ಲು

ಮೂರನೇ ಸಲ ಎಲ್ಲಾರೂ ಬಂದ್ರು. ವರ ಯಾದಿಯ ದಿನ ಬೀಗರು ಮಾನಕ್ಕ ಹಾಕಿದ ಬಿಳಿ ಟೋಪಿ ಇನ್ನೂ ತಗದಿರಲಿಲ್ಲ. ಹುಡುಗಿಯ ಅಪ್ಪ ನೆಲ ನೋಡಕೋತ ಕುಂತಿದ್ದ. ಮಾವ ಜಂಪರ್ ಮಾಪಕ್ಕ ತಂದ ಸುದ್ದಿ ಹುಡುಗಿಗೆ ನಾ ಮೊದಲ ಹೇಳಿಬಿಟ್ಟಿದ್ದೆ.

ನಮ್ಮ ಡಾಕ್ಟರ ಬಾಯಿಯವರು ಹುಡುಗಿಗೆ ಅಂದ್ರು, "ಬೇಕಂದವರಿಗೆ ಖುಷಿಲೆ ಮಾಡ್ತೀನವ್ವಾ. ನೀ ಬ್ಯಾಡಂದ್ರ ನಾ ಮುಟ್ಟಂಗಿಲ್ಲ. ಏನರ ಕೇಳೋದೈತೇನು?"

"ನನಗ ಬ್ಯಾಡ್ರಿ. ಆದ್ರ ಒಂದು ಕೇಳೋದೈತಿ. ಬೋಳು ತಲಿಗೆ ಕೂದಲಾನೂ ಹಚ್ಚತೀರಂತಲ್ರಿ?"

"ಹಚ್ಚತೀನಿ."

ಹುಡುಗಿ ಎದ್ದು ವರನ ಟೋಪಿ ತಗದ್ಲು. ಕೆಳಗ ಸಾರಿಸಿದ ಅಂಗಳ! ವರ ಎರಡೂ ಕೈ ತಲಿ ಮ್ಯಾಲ ಇಟಕೊಂಡ. ಸೋದರಮಾವ "ಏ, ಏ" ಅಂತ ಎದ್ದ. ಹುಡುಗಿಯ ಅಪ್ಪ ಮೊದಲನೇ ಸಲ ತಲಿ ಎತ್ತಿ ನೋಡಿದ.

ಆಕಿ ಟೋಪಿ ಟೇಬಲ್ ಮ್ಯಾಲ ಇಟ್ಟು ಆ ಮಾವನಿಗೆ ಅಂದ್ಲು, "ಇವರನ್ನ ಮನಿಗೆ ಕರಕೊಂಡು ಹೋಗ್ರಿ. ಕೂದಲಾ ಹಚ್ಚಾಕ ಇವರು ಯಾಕ ಬೇಕು? ಮಾಪ ಇಲ್ಲೇ ಇರ್ಲಿ."